ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತದಂತೆ!

ಮುಂಬೈಯ ನಮ್ಮ ಕನ್ನಡದ ಜನರಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಡೆಂಟಿಸ್ಟ್ ಹತ್ತಿರ ಹಲ್ಲು ಕ್ಲೀನಿಂಗ್ ಮಾಡಿಸಬಾರದು, ಮಾಡಿಸಿದರೆ ಹಲ್ಲು ಅಲ್ಲಾಡಲು ಶುರುವಾಗುತ್ತದೆ ಅಂತ. ಮಾಟುಂಗದ ಹೋಟೆಲಿನ ಗಲ್ಲೆಯಲ್ಲಿ ಕೂತವರೂ ಇದನ್ನೇ ಹೇಳುತ್ತಾರೆ, ನಮ್ಮ ಡೊಂಬಿವಲಿ ಸೊಸೈಟಿಯ ಆಂಟಿಯರೂ ಇದನ್ನೇ ಹೇಳುತ್ತಾರೆ. ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರೂ ಬಿಟ್ಟಿಲ್ಲ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಮಾತು ನಂಬಿಕೊಂಡು ಎಷ್ಟೋ ಜನ ಒಂದು ಹುಳುಕೂ ಇಲ್ಲದ ಹಲ್ಲುಗಳನ್ನು ಕಳೆದುಕೊಳ್ಳುತ್ತಿದ್ದಾರೆ. ಹಲ್ಲು ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಒಸಡು.

ಆಗುವುದು ಇಷ್ಟು. ಹಲ್ಲಿನ ಮೇಲೆ, ಮುಖ್ಯವಾಗಿ ಒಸಡು ಸೇರುವ ಅಂಚಿನಲ್ಲಿ, ದಿನಾ ಬ್ಯಾಕ್ಟೀರಿಯಾದ ಅಂಟು ಪದರ ಕಟ್ಟುತ್ತದೆ. ಅದನ್ನು ತೆಗೆಯದೆ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನದಲ್ಲಿ ಗಟ್ಟಿಯಾಗುತ್ತದೆ. ಅದೇ ಟಾರ್ಟರ್. ಒಮ್ಮೆ ಗಟ್ಟಿಯಾದ ಮೇಲೆ ಯಾವ ಬ್ರಶ್‌ಗೂ ಬಗ್ಗುವುದಿಲ್ಲ. ಒಸಡು ಕೆಂಪಾಗಿ ಊದುತ್ತದೆ, ಬ್ರಶ್ ಮಾಡುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಕ್ಲೀನ್ ಮಾಡಿಸಿಕೊಂಡರೆ ಒಸಡು ಪೂರ್ತಿ ಮೊದಲಿನಂತಾಗುತ್ತದೆ. ಬಿಟ್ಟರೆ ಕೆಲವರಲ್ಲಿ ಆ ಊತ ಕೆಳಗೆ ಇಳಿದು ಹಲ್ಲನ್ನು ಹಿಡಿದ ಮೂಳೆಯನ್ನೇ ಕರಗಿಸುತ್ತದೆ. ಕರಗಿದ ಮೂಳೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಈಗ ಆ ನಂಬಿಕೆಗೆ ಬರೋಣ. ಕಂಬದ ಬುಡದ ಮಣ್ಣೆಲ್ಲ ಕೊಚ್ಚಿ ಹೋಗಿ, ಸುತ್ತ ಬಿದ್ದ ಕಸವೇ ಅದನ್ನು ಒರಗಿಸಿ ನಿಲ್ಲಿಸಿದೆ ಅಂದುಕೊಳ್ಳಿ. ಕಸ ತೆಗೆದ ಕೂಡಲೇ ಕಂಬ ವಾಲಿತು. ತಪ್ಪು ಕಸ ತೆಗೆದವನದ್ದಾ? ಟಾರ್ಟರ್ ತೆಗೆದಾಗ ಆಗುವುದೂ ಅದೇ. ಹಲ್ಲು ಮೊದಲೇ ಸಡಿಲವಾಗಿತ್ತು, ಗೊತ್ತಾದದ್ದು ಈಗ. ಊತ ಇಳಿದಾಗ ಒಸಡು ಕುಗ್ಗಿ ಸಂದು ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ ಅನ್ನಿಸುತ್ತದೆ. ಇದನ್ನು ಡಾಕ್ಟರು ಮೊದಲೇ ಬಿಡಿಸಿ ಹೇಳಬೇಕು. ತುಂಬಾ ಜನ ಹೇಳುವುದಿಲ್ಲ. ಆ ಮೌನದಿಂದಲೇ ಅರ್ಧ ನಂಬಿಕೆ ಹುಟ್ಟಿದ್ದು ಅಂತ ನನ್ನ ಲೆಕ್ಕ.

ನನ್ನ ಸೋದರಮಾವ ಹೋಟೆಲಿನಲ್ಲಿ ಜೀವನ ಸವೆಸಿದವರು. ಪೇರಳೆ ಕಚ್ಚಿದರೆ ಹಣ್ಣಿನ ಮೇಲೆ ರಕ್ತ. ಡೆಂಟಿಸ್ಟ್ ಹತ್ತಿರ ಹೋಗಿ ಮಾವ ಅಂದರೆ, "ಎಂತ ಮಾರಾಯ್ತಿ, ನೋವೇ ಇಲ್ಲ. ನೋವಿಲ್ಲದ್ದಕ್ಕೆ ಎಂತಕ್ಕೆ ದುಡ್ಡು ಕೊಡುದು?" ಅನ್ನುತ್ತಿದ್ದರು. ಈ ರೋಗದ ಮೋಸವೇ ಅಲ್ಲಿರುವುದು. ನೋವು ಬರುವುದು ಕೊನೆಗೆ, ಕೀವು ತುಂಬಿದಾಗ. ಅದೇ ಕೈಯಲ್ಲೋ ಕಾಲಲ್ಲೋ ದಿನಾ ರಕ್ತ ಬಂದರೆ ಯಾರಾದರೂ ಸುಮ್ನೆ ಕೂರುತ್ತಾರಾ?

ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಕಷ್ಟ. ನಿಕೋಟಿನ್‌ನಿಂದ ರಕ್ತನಾಳ ಬಿಗಿಯಾಗಿ ಒಸಡಿನಲ್ಲಿ ರಕ್ತವೇ ಕಡಿಮೆ ಬರುತ್ತದೆ. ಒಳಗೆ ಮೂಳೆ ಹೋಗುತ್ತಿದ್ದರೂ ಹೊರಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಇನ್ನು ಇಲ್ಲಿನ ಮಿಶ್ರಿ. ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ಉಜ್ಜುವುದು. ನಮ್ಮ ಕಲಬುರಗಿ, ವಿಜಯಪುರ ಕಡೆಯಿಂದ ಕೆಲಸಕ್ಕೆ ಬಂದ ಹೆಂಗಸರಲ್ಲೂ ಈ ಚಟ ಇದೆ. ಹಲ್ಲಿನ ಪುಡಿ, ಪೇಸ್ಟ್‌ಗೆ ತಂಬಾಕು ಹಾಕಬಾರದು ಅಂತ ಸರ್ಕಾರ 1992ರಲ್ಲೇ ನಿಷೇಧ ಹಾಕಿತು. ಮನೆಯ ಹಂಚಿನ ಮೇಲೆ ಹುರಿದುಕೊಳ್ಳುವುದನ್ನು ಯಾರು ನಿಷೇಧಿಸುತ್ತಾರೆ? ಕವಳದ (ಎಲೆ-ಅಡಿಕೆ) ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಅಡಿಕೆ ತೋಟ ಇರುವ ಮನೆಯವಳು, ಊರಿನವರು ಬೈದರೂ ಪರವಾಗಿಲ್ಲ. ತಂಬಾಕು ಹಾಕದಿದ್ದರೂ ಅಡಿಕೆ ಬಾಯಿಗೆ ಒಳ್ಳೆಯದಲ್ಲ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಶುಗರ್ ಇರುವವರು ಸ್ವಲ್ಪ ಗಮನ ಕೊಟ್ಟು ಓದಿ. ಶುಗರ್ ಜಾಸ್ತಿ ಇದ್ದರೆ ಒಸಡು ಬೇಗ ಕೆಡುತ್ತದೆ. ಒಸಡು ಕೆಟ್ಟಿದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ಒಸಡಿಗೆ ಸರಿಯಾದ ಚಿಕಿತ್ಸೆ ಆದ ಮೇಲೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಸ್ವಲ್ಪ ಇಳಿದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗಂತ ಮಾತ್ರೆ ಬಿಡಬೇಡಿ. ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಒಸಡು ದಪ್ಪವಾಗಿ ಬೆಳೆಯುವುದೂ ಉಂಟು. ಡೆಂಟಿಸ್ಟ್‌ಗೆ ನಿಮ್ಮ ಮಾತ್ರೆಗಳ ಹೆಸರು ಹೇಳಿ.

ಪೇಸ್ಟ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಫ್ಲೋರೈಡ್ ಇರುವ ಯಾವುದಾದರೂ ಆಗುತ್ತದೆ. ಉಪ್ಪು, ಇದ್ದಿಲು, ಲವಂಗ ಅಂತ ಜಾಹೀರಾತಿನಲ್ಲಿ ಎಷ್ಟೇ ಕೂಗಲಿ, ಕೆಲಸ ಮಾಡುವುದು ಬ್ರಶ್ಶೇ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ಆರೋಗ್ಯವಾದ ಒಸಡಿನವರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಇಳಿಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಮೆತ್ತಗಿನ ಬ್ರಶ್ ತೆಗೆದುಕೊಳ್ಳಿ. ಅಂಚಿನಲ್ಲಿ ಒಸಡಿನ ಕಡೆಗೆ ಓರೆಯಾಗಿ ಹಿಡಿದು ನಿಧಾನವಾಗಿ ಅಲ್ಲಾಡಿಸಿ. ಪಾತ್ರೆ ತಿಕ್ಕುವ ಹಾಗೆ ತಿಕ್ಕಬೇಡಿ. ರಕ್ತ ಬಂತು ಅಂತ ಆ ಜಾಗ ಬಿಟ್ಟರೆ ಇನ್ನೂ ಕೆಡುತ್ತದೆ, ಅಲ್ಲೇ ಹೆಚ್ಚು ಗಮನ ಕೊಡಬೇಕು. ಹಲ್ಲಿನ ಸಂದಿಗೆ ಬ್ರಶ್ ಹೋಗುವುದಿಲ್ಲ. ಸಂದು ದೊಡ್ಡದಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಸಣ್ಣ ಇಂಟರ್‌ಡೆಂಟಲ್ ಬ್ರಶ್, ಇಲ್ಲದಿದ್ದರೆ ಫ್ಲಾಸ್ ದಾರ. ಕಡ್ಡಿ, ಪಿನ್ನು ಬೇಡ. ರಾತ್ರಿಯ ಬ್ರಶ್ ತಪ್ಪಿಸಬೇಡಿ. ಕೊನೆಯ ಲೋಕಲ್ ಹಿಡಿದು ಮನೆ ಸೇರುವವರಿಗೆ ಹೇಳುವುದು ಸುಲಭ, ಮಾಡುವುದು ಕಷ್ಟ, ಗೊತ್ತು. ಆದರೆ ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದಷ್ಟು ದಿನ ಮಾತ್ರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿಯೂ ಕೆಡುತ್ತದೆ.

ಡೆಂಟಿಸ್ಟ್ ಹತ್ತಿರ ಹೋದಾಗ ಒಸಡಿನ ಪಾಕೆಟ್ (ಹಲ್ಲು, ಒಸಡಿನ ನಡುವಿನ ಸಂದು) ಎಷ್ಟು ಆಳ ಅಂತ ಅಳತೆ ಕೇಳಿ. ಸಣ್ಣ ಅಳತೆಗೋಲನ್ನು ಒಸಡಿನ ಒಳಗೆ ಇಳಿಸಿ ನೋಡುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ, 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯೋಚಿಸಬೇಕು. ಆಳ ಇದ್ದರೆ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಟಾರ್ಟರ್ ತೆಗೆಯುತ್ತಾರೆ. ಆಮೇಲೂ ಪಾಕೆಟ್ ಉಳಿದರೆ ಒಸಡು ಬಿಡಿಸಿ ಒಳಗೆ ಕ್ಲೀನ್ ಮಾಡುವ ಫ್ಲ್ಯಾಪ್ ಆಪರೇಷನ್. ಅಳತೆಯನ್ನೇ ನೋಡದೆ ಕ್ಲೀನ್ ಮಾಡಿ ಕಳಿಸುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ದುಡ್ಡಿನ ಮಾತು. ಖಾಸಗಿ ಕ್ಲಿನಿಕ್ ಎಲ್ಲರಿಗೂ ಆಗುವುದಿಲ್ಲ. ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಇದೆ. ಖರ್ಚು ಕಡಿಮೆ. ಆದರೆ ಕ್ಯೂ ಉದ್ದ, ಕಲಿಯುವ ಮಕ್ಕಳು ಮಾಡುವುದರಿಂದ ಹೊತ್ತೂ ಹಿಡಿಯುತ್ತದೆ. ಹೋಟೆಲ್ ಕೆಲಸದ ಹುಡುಗನಿಗೆ ವಾರದ ಮಧ್ಯೆ ರಜೆ ಎಲ್ಲಿ? ಹೋಟೆಲ್ ನಡೆಸುವ ನಮ್ಮವರು ಇದಕ್ಕೆ ಅಂತ ವರ್ಷಕ್ಕೆ ಒಂದು ದಿನ ಸಂಬಳ ಸಮೇತ ಬಿಟ್ಟರೆ ಅವರ ಗಂಟೇನೂ ಹೋಗುವುದಿಲ್ಲ.

ಹಾಗೆಯೇ ನಮ್ಮ ಸಂಘಗಳು. ಆರೋಗ್ಯ ಶಿಬಿರ ಅಂದರೆ ಬಿಪಿ, ಶುಗರ್, ಕಣ್ಣು, ಆಮೇಲೆ ಉಪ್ಪಿಟ್ಟು. ಹಲ್ಲಿನ ಟೇಬಲ್ ಇಟ್ಟರೂ ಟಾರ್ಚ್ ಹಾಕಿ ಹುಳುಕು ಎಣಿಸಿ ಪೇಸ್ಟ್ ಟ್ಯೂಬ್ ಕೊಟ್ಟು ಕಳಿಸುತ್ತಾರೆ. ಮುಂದಿನ ಶಿಬಿರಕ್ಕೆ ಒಸಡಿನ ಸ್ಪೆಷಲಿಸ್ಟ್ ಒಬ್ಬರನ್ನು ಕರೆಸಿ. ಶುಗರ್ ಜಾಸ್ತಿ ಬಂದವರನ್ನು ಉಪ್ಪಿಟ್ಟಿಗೆ ಮೊದಲು ಅವರ ಟೇಬಲ್‌ಗೆ ಕಳಿಸಿ.