ಸಿಗ್ನಲ್ ಜಾಣ ಆದರೆ ಹೊಗೆ ಇಳಿಯುತ್ತದಾ?

ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಇವತ್ತು ಒಬ್ಬರು, "ಎಐ ಸಿಗ್ನಲ್ ಬಂತಲ್ಲ, ಇನ್ನು ಬೆಂಗಳೂರಿನ ಹೊಗೆ ತಾನಾಗಿಯೇ ಇಳಿಯುತ್ತದೆ" ಅಂದರು. ಎಲ್ಲರೂ ಹೌದು ಹೌದು ಅಂದರು. ನನಗೆ ಸಿಟ್ಟೇ ಬಂತು. ಸಾಫ್ಟ್‌ವೇರ್ ನನಗೆ ಅನ್ನ ಹಾಕಿದ ಕೆಲಸ. ಅದಕ್ಕೇ ಹೇಳುತ್ತೇನೆ, ಬರೀ ಸಾಫ್ಟ್‌ವೇರ್‌ನಿಂದ ಇದು ಆಗುವುದಿಲ್ಲ. ದಟ್ಟಣೆ ನೋಡಿ ಸಿಗ್ನಲ್ ತಾನೇ ಬೇಗ ಬಿಟ್ಟರೆ ನಿಂತಲ್ಲೇ ಸುಡುವ ಪೆಟ್ರೋಲ್ ಉಳಿಯುತ್ತದೆ, ನಿಜ. ಆದರೆ ರಸ್ತೆ ಸಲೀಸಾಯಿತು ಅಂತ ಗೊತ್ತಾದ ಕೂಡಲೇ ಮನೆಯಲ್ಲಿದ್ದ ಇನ್ನೊಂದು ಕಾರೂ ಹೊರಗೆ ಬರುತ್ತದೆ, ಅಲ್ವಾ?

ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಏನಾಯಿತು ನೋಡಿ. 2005ರ ಆಗಸ್ಟ್‌ನಲ್ಲಿ ಮೊದಲು ಜಾಸ್ತಿ ಬಸ್ ಬಿಟ್ಟರು. ಅದೊಂದರಿಂದ ಕಾರು ಅಷ್ಟೇನೂ ಕಡಿಮೆ ಆಗಲಿಲ್ಲ. 2006ರ ಜನವರಿಯಿಂದ ಪ್ರಯೋಗವಾಗಿ ಊರಿನ ನಡುಭಾಗಕ್ಕೆ ಹೋಗಿಬರುವ ದಾರಿಗಳಲ್ಲಿ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದಿದವು, ಹೊತ್ತಿಗೆ ತಕ್ಕಂತೆ ಶುಲ್ಕ ಬಿತ್ತು. ಆ ಗಡಿ ದಾಟುವ ವಾಹನ ಸುಮಾರು ಶೇ 20ರಷ್ಟು ಇಳಿಯಿತು. ನಡುಭಾಗದ ರಸ್ತೆಗಳಲ್ಲಿ ವಾಹನಗಳ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ 14ರಷ್ಟು ಕಡಿಮೆಯಾಯಿತು. ಜುಲೈ ಕೊನೆಗೆ ಪ್ರಯೋಗ ಮುಗಿಯಿತು, ಶುಲ್ಕ ನಿಂತಿತು. ವಾಹನಗಳು ಮತ್ತೆ ಏರಿದವು! ತಂತ್ರಜ್ಞಾನವನ್ನು ಯಾರೂ ಮರೆತಿರಲಿಲ್ಲ, ನಿಯಮ ಮಾತ್ರ ಇರಲಿಲ್ಲ. 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು, ವಾಹನ ಮತ್ತೆ ಇಳಿಯಿತು.

ನಮ್ಮಲ್ಲಿ ಡಿಜಿಟಲ್ ಅರ್ಧ ಆಗಲೇ ಇದೆ. ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಪ್ಲೇಟ್ ಓದಿ ದಂಡ ಹಾಕುತ್ತದೆ. ಮೆಟ್ರೋ ಟಿಕೆಟ್ 2022ರಿಂದಲೇ ವಾಟ್ಸಾಪ್‌ನಲ್ಲಿ ಸಿಗುತ್ತದೆ. ಇನ್ನರ್ಧ, ಅಂದರೆ ನಿಯಮ, ಎಲ್ಲಿ? 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಅದೇ ಹೊತ್ತಿಗೆ ಒಬ್ಬರೇ ಕೂತ ಕಾರು ಎಂ.ಜಿ. ರಸ್ತೆಗೆ ಒಂದು ಪೈಸೆ ಕೊಡದೆ ಬರುತ್ತದೆ. ಹೊಗೆ ಬಿಡದೆ ಬರುವವರು ಜಾಸ್ತಿ ಕೊಡಬೇಕು, ಬಿಡುವವರು ಏನೂ ಕೊಡಬೇಕಿಲ್ಲ. ನನಗೆ ಇದು ಹೊಟ್ಟೆ ಉರಿಸುವ ವಿಷಯ.

"ಶುಲ್ಕ ಹಾಕಿದರೆ ಮಧ್ಯಮ ವರ್ಗ ಎಲ್ಲಿಗೆ ಹೋಗಬೇಕು, ಮೊದಲು ಬಸ್ ಕೊಡಲಿ" ಅನ್ನುತ್ತೀರಿ. ಬಸ್ ಮೊದಲು ಬರಬೇಕು, ಒಪ್ಪಿದೆ, ಸ್ಟಾಕ್‌ಹೋಮ್‌ನವರೂ ಅದನ್ನೇ ಮಾಡಿದ್ದು. ಆದರೆ ಅದನ್ನೇ ನೆಪ ಮಾಡಿಕೊಂಡು ಸುಮ್ನೆ ಕೂರುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾರುಗಳ ಹಿಂದೆ ಸಿಕ್ಕಿಕೊಂಡ ಬಿಎಂಟಿಸಿ ಬಸ್ಸಿನಲ್ಲಿ ನಿಂತವರು ದಿನವೂ ತಮ್ಮ ಹೊತ್ತು ಕಳೆದುಕೊಳ್ಳುತ್ತಿದ್ದಾರೆ. ಅವರಿಗೆ ಯಾರು ಲೆಕ್ಕ ಕೊಡುತ್ತಾರೆ? 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗ ಅವರು ಬಸ್ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇವೆ. ನಿಯಮ ಬದಲಾದರೆ ಜನ ಬದಲಾಗುತ್ತಾರೆ.

ಶುಲ್ಕವನ್ನು ಹೊರ ವರ್ತುಲ ರಸ್ತೆಯಿಂದಲೇ ಶುರು ಮಾಡಲಿ. ಬಂದ ಹಣ ಬಸ್ಸಿಗೇ ಹೋಗಬೇಕು ಅಂತ ಕಾನೂನಿನಲ್ಲೇ ಬರೆಯಲಿ. ನನ್ನ ಕಾರಿನ ಶುಲ್ಕ ನಾನು ಕೊಡುತ್ತೇನೆ.