ಗೂಬಿ ಪೋಡಿ ಆತು, ಸಾವ್ಕಾರ್ರ ಲೆಕ್ಕ ತಪ್ಪಿತು

2024ರ ಜನವರಿಯಾಗ ನಮ್ಮ ಬಾಗಲಕೋಟಿ ನವನಗರದ ಸರ್ಕಲ್ಲಿನಾಗ ಒಂದು ಫ್ಲೆಕ್ಸ್ ನಿಂತಿತ್ತು ನೋಡ್ರಿ, "ಒಂದೇ ವರ್ಷದಲ್ಲಿ ಜಗತ್ತಿನ 2,000ಕ್ಕೂ ಹೆಚ್ಚು ಪಕ್ಷಿ ಪ್ರಭೇದಗಳನ್ನು ವೀಕ್ಷಿಸಿದ ನಮ್ಮೂರ ಹೆಮ್ಮೆಯ ಪುತ್ರರಿಗೆ ಹಾರ್ದಿಕ ಸ್ವಾಗತ" ಅಂತ. ನಡುವ ಸಾವ್ಕಾರ್ರು, ಕೊಳ್ಳಾಗ ದುರ್ಬೀನು, ಸುತ್ತಾಕಡೆ ಶುಭ ಕೋರೋರ ಪಾಸ್‌ಪೋರ್ಟ್ ಸೈಜ್ ಫೋಟೋ, ಇಷ್ಟಾದ ಮ್ಯಾಲೆ ಹಕ್ಕಿ ಹಾಕಾಕ ಜಾಗನ ಇಲ್ಲ. ಕಡೀಕ ಯಾರೋ ನೆನಪು ಮಾಡ್ಯಾರ ಕಾಣಸ್ತೈತಿ, ಮೂಲ್ಯಾಗ ಒಂದು ಗಿಳಿ ಅಂಟಿಸಿದ್ರು (ಯಾವುದೋ ಜ್ಯೋತಿಷ್ಯದವರ ಫ್ಲೆಕ್ಸಿಂದು ಉಳದದ್ದು ಇರಬೇಕು).

ಇದೇನ್ ಸಾವ್ಕಾರ್ರು ತಾವ ಕಂಡು ಹಿಡಿದ ಆಟ ಅಲ್ರಿ. ಹೊರದೇಶದಾಗ ಇದಕ್ಕ 'ಬಿಗ್ ಇಯರ್' ಅಂತಾರ, ಜನವರಿ 1ಕ್ಕ ಶುರು ಮಾಡಿ ಡಿಸೆಂಬರ್ 31ರ ರಾತ್ರಿ ತನಕ ಎಷ್ಟು ಜಾತಿ ಹಕ್ಕಿ ನೋಡ್ತೀರಿ ಅನ್ನೂ ಲೆಕ್ಕ. 2015ರಾಗ ಅಮೆರಿಕದ ನೋವಾ ಸ್ಟ್ರೈಕರ್ ಅನ್ನೂ ಹುಡುಗ ಬೆನ್ನಿಗೊಂದು ಚೀಲ ಹಾಕ್ಕೊಂಡು ಅಂಟಾರ್ಕ್ಟಿಕಾದಿಂದ ಶುರು ಹಚ್ಚಿ 41 ದೇಶ ಸುತ್ತಿ 6,042 ಜಾತಿ ನೋಡಿದ, ನಮ್ಮ ಪಕ್ಕದ ಕೇರಳದ ತಟ್ಟೆಕಾಡಿಗೂ ಬಂದು ಹೋದ. ಮರುವರ್ಷನ ನೆದರ್‌ಲ್ಯಾಂಡ್ಸಿನ ಇನ್ನೊಬ್ಬಾವ 6,800 ದಾಟಿಸಿ ಅವನ ದಾಖಲೆ ಮುರದ. ಸ್ಟ್ರೈಕರಂದು ಭಾಗಿಸಿ ನೋಡ್ರಿ, ಹೆಚ್ಚು ಕಡಿಮಿ ಒಂದೂವರಿ ತಾಸಿಗೆ ಒಂದು ಹೊಸ ಜಾತಿ, ಅದರಾಗ ನಿದ್ದಿ, ಊಟ, ಇಮಿಗ್ರೇಷನ್ ಲೈನು ಎಲ್ಲಾ ಬಂತು. ಇರ್ಲಿ, ಅವರೆಲ್ಲಾ ಸಣ್ಣವರಿದ್ದಾಗಿಂದ ಹಕ್ಕಿ ಹುಚ್ಚು ಹಚ್ಕೊಂಡ ಮಂದಿ, ಅವರ ಮ್ಯಾಲೆ ನಂದೇನೂ ತಕರಾರಿಲ್ಲ. ನಮ್ಮ ಸಾವ್ಕಾರ್ರಿಗೆ ಹಿಂದಿನ ವರ್ಷದ ತನಕ ಗೊತ್ತಿದ್ದ ಹಕ್ಕಿ ಅಂದ್ರ ತಾಟಿನಾಗಿಂದು ಒಂದ.

ಹೆಂಗ್ ನೋಡಿದ್ರಿ ಅಷ್ಟೊಂದು ಅಂತ ಕೇಳಿದೆ. ಗೈಡ್ ಬೊಟ್ಟು ಮಾಡ್ತಾನ, ನಾವು ಅತ್ತಾಗ ನೋಡೂದು, ಅವ ಹೆಸರು ಹೇಳ್ತಾನ, ನಮ್ಮ ಹುಡುಗ ಮೊಬೈಲಿನಾಗ ಟಿಕ್ ಹೊಡೀತಾನ ಅಂದ್ರು. ಹುಡುಗ ಅಂದ್ರ ಟಿಕ್ ಹೊಡ್ಯಾಕಂತನ ಟಿಕೆಟ್ ತಗಸಿ ಕರಕೊಂಡು ಹೋಗಿದ್ದಾವ. ಈಕ್ವೆಡಾರಿನಾಗ ಒಬ್ಬ ರೈತ ಆಂಟ್‌ಪಿಟ್ಟ ಅನ್ನೂ ಭಾಳ ನಾಚಿಕಿ ಹಕ್ಕಿಗೆ ಎರೆಹುಳ ಹಾಕಿ ರೂಢಿ ಮಾಡಿಸಿ 'ಮರಿಯಾ' ಅಂತ ಹೆಸರಿಟ್ಟಾನ, ಹೆಸರು ಹಿಡದು ಕರದ್ರ ಕಾಡಿನಿಂದ ಕುಣಕೋತ ಹೊರಗ ಬರ್ತಿತ್ತು, ಖರೇ ಸುದ್ದಿ ಇದು. ಸಾವ್ಕಾರ್ರಿಗೆ ಅದು ಭಾಳ ಸೇರೈತಿ, ಎಲ್ಲಾ ಹಕ್ಕಿನೂ ಹಿಂಗ ಕರದ್ರ ಬರಬೇಕು ನೋಡ್ರಿ, ಸುಮ್ನ ಗುಡ್ಡ ಹತ್ತಸ್ತಾರ ಅಂದ್ರು. ಇನ್ನೊಂದು, ಹಕ್ಕಿ ಕಣ್ಣಿಗೆ ಬೀಳಬೇಕಂತನೂ ಇಲ್ಲಂತ, ಅದರ ದನಿ ಕೇಳಿ ಗುರ್ತು ಹಿಡಿದ್ರೂ ಲೆಕ್ಕಕ್ಕ ಬರ್ತೈತಿ. ಸಾವ್ಕಾರ್ರಿಗೆ ಎಡಗಿವಿ ಮಂದ, ಅದಕ್ಕ ಕೇಳಸೂ ಕೆಲಸನೂ ಹುಡುಗನ ಮಾಡ್ಯಾನ.

ನಮ್ಮ ಬಾಜೂ ಮನಿ ಹುಡುಗ ಒಬ್ಬ, ಕಾಲೇಜಿಗೆ ಹೋಗ್ತಾನ, ಬ್ಯಾಸಿಗ್ಯಾಗ ಆಲಮಟ್ಟಿ ಹಿನ್ನೀರು ಇಳಿದಾಗ ಸೈಕಲ್ ತಗೊಂಡು ಹೆರಕಲ್ ಕಡೆ ಹೋಗಾವ. ಅವ ಸಾವ್ಕಾರ್ರಿಗೆ ಆಸೆಪಟ್ಟು ಹೇಳಿದ, "ಕಾಕಾ, ರಾಜಹಂಸ ಬಂದಾವ್ರಿ, ಸಾವಿರಗಟ್ಟಲೆ, ನೀರಾಗ ತಲಿ ಕೆಳಗ ಮಾಡಿ ರಾಡಿ ಸೋಸಿ ತಿನ್ನಾಕತ್ತಾವ, ಬರ್ರಿ ಹೋಗೂಣು."

"ಫ್ಲೆಮಿಂಗೋ ಏನೋ? ಅದು ಕೀನ್ಯಾದಾಗ ಆಗೈತಿ ಬಿಡು" ಅಂದ್ರು.

ಆಗೈತಿ! ಒಮ್ಮೆ ಟಿಕ್ ಬಿದ್ರ ಆ ಜಾತಿ ಮುಗೀತು, ಆಮ್ಯಾಲೆ ಅದು ಮನಿ ಬಾಗಲಕ್ಕ ಬಂದು ನಿಂತ್ರೂ ಉಪಯೋಗಿಲ್ಲ. ಊರಿನ ಅರ್ಧ ಮಂದಿ ಹೊಲ ಮನಿ ಮುಳುಗಡೆಗೆ ಕೊಟ್ಟು ಇವತ್ತಿಗೂ ಪರಿಹಾರದ ಫೈಲ್ ಹಿಡಕೊಂಡು ಅಡ್ಡಾಡ್ತಾರ, ಆ ನೀರಿನಿಂದ ಒಂದು ಪೈಸಾ ಖರ್ಚಿಲ್ಲದ ಫಾಯದಾ ಅಂತ ಬಂದಿದ್ದು ಈ ಹಕ್ಕಿ ಅಷ್ಟ, ಅದನ್ನ ನೋಡಾಕ ಈ ಮನಶಾ ನೈರೋಬಿಗೆ ಹೋಗ್ಯಾನ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ನಡಸೂ ಈಬರ್ಡ್ ಅಂತ, ನೋಡಿದ ಹಕ್ಕಿ ಬರದಿಡೂ ಆನ್‌ಲೈನ್ ಖಾತೆ ಐತಿ, ಸಾವ್ಕಾರ್ರ ಲಿಸ್ಟ್ ಇರೂದು ಅದರಾಗ. ಅವರು ವರ್ಷಕ್ಕೊಮ್ಮೆ ಹಕ್ಕಿ ಜಾತಿ ತಿದ್ದತಾರ, ಅಣ್ತಮ್ಮರು ಹೊಲ ಪೋಡಿ ಮಾಡಿಸಿದಂಗನ, ಹೊಲ ಇದ್ದಷ್ಟ ಇರ್ತೈತಿ, ಉತಾರ ಅಷ್ಟ ಹೆಚ್ಚಾಗ್ತಾವ. 2024ರ ಅಕ್ಟೋಬರದಾಗ ಕಣಜ ಗೂಬಿಯನ್ನ ಪೋಡಿ ಮಾಡಿ ಮೂರು ಮಾಡಿದ್ರು, ಅಮೆರಿಕದ್ದೊಂದು, ಪಶ್ಚಿಮದ್ದೊಂದು, ಪೂರ್ವದ್ದೊಂದು. ಸಾವ್ಕಾರ್ರು ಕೊಲಂಬಿಯಾದಾಗ ಒಂದು ಗೂಬಿ, ಸ್ಪೇನಿನಾಗ ಒಂದು ಗೂಬಿ ನೋಡಿದ್ರು, ಮೊದಲು ಎರಡೂ ಸೇರಿ ಒಂದ ಲೆಕ್ಕ, ಈಗ ಎರಡು. ಕಾಟದ ಮ್ಯಾಲೆ ಕುಂತು ಚಾ ಕುಡ್ಯೂದರಾಗ ಒಂದು ಜಾತಿ ಜಮಾ ಆತು. ಪೇಢೆ ಹಂಚಿದ್ರು, ನಾನೂ ತಿಂದೆ.

ಸಂಜಿ ಮುಂದ ಟಿಕ್ ಹೊಡಿಯೂ ಹುಡುಗ ಓಡಿ ಬಂದ. ಅದ ತಿದ್ದುಪಡಿಯಾಗ ರೆಡ್‌ಪೋಲ್ ಅನ್ನೂ ಗುಬ್ಬಿ ಗಾತ್ರದ ಹಕ್ಕಿ ಮೂರು ಜಾತಿ ಇದ್ದದ್ದನ್ನ ಕೂಡಿಸಿ ಒಂದ ಮಾಡಿಬಿಟ್ಟಾರ. ಸಾವ್ಕಾರ್ರು ಎರಡನ್ನ ನಾರ್ವೇದ ಹಿಮದಾಗ ಮೂಗು ಒಡಕೊಂಡು, ಇನ್ನೊಂದನ್ನ ಇಂಗ್ಲೆಂಡಿಗೆ ಹೋಗಿ ನೋಡಿದ್ರು. ಒಂದು ಬಂತು, ಎರಡು ಹೋದುವು. ತಿಂದ ಪೇಢೆ ವಾಪಸ್ ಕೊಡಾಕ ಬರಂಗಿಲ್ಲಲ್ರಿ.

ಮೂರನೇ ಗೂಬಿ, ಅದ ಪೂರ್ವದ್ದು, ಅದನ್ನ ಆ 2023ರಾಗನ ನೋಡಿದ್ರ ಲೆಕ್ಕ ಸರಿ ಹೋಗ್ತಿತ್ತು. ಅದು ಇರೂದು ನಮ್ಮ ದೇಶದಾಗನ, ಹಳೇ ಬಾಗಲಕೋಟಿಯಾಗ ಮುಳುಗಡೆಗೆ ಹೋಗಿ ಹಾಳು ಬಿದ್ದ ಸಾವ್ಕಾರ್ರ ಸ್ವಂತ ವಾಡೇದ ತೊಲಿ ಮ್ಯಾಲೆ, ಬಾಜೂ ಮನಿ ಹುಡುಗ ಫೋಟೋ ಸಮೇತ ತೋರಿಸಿದ. ಸಾವ್ಕಾರ್ರು ಭಾಳ ಹೊತ್ತು ನೋಡಿ, "ಫೋಟೋದ ತಾರೀಖು 2023 ಮಾಡಾಕ ಬರ್ತೈತೇನು?" ಅಂದ್ರು. ಹುಡುಗ ಬರಂಗಿಲ್ರಿ ಅಂದ.

ಈಗ ಸಾವ್ಕಾರ್ರು ಸುಮ್ನ ಕುಂತಿಲ್ಲ. ಒಂದ ಉತಾರದಾಗ ಇದ್ದದ್ದು ಬ್ಯಾರೆ ಮಾಡೂದು, ಬ್ಯಾರೆ ಇದ್ದದ್ದು ಕೂಡಿಸೂದು, ನೋಟಿಸ್ ಇಲ್ಲ, ತಕರಾರಿಗೆ ಮೂವತ್ತು ದಿನ ಟೈಮ್ ಇಲ್ಲ, ಇದು ಅನ್ಯಾಯ ಅಂತ ಅರ್ಜಿ ಬರಸ್ಯಾರ, ಬೆಳಗಾವಿ ಅಧಿವೇಶನದಾಗ ಚುಕ್ಕಿ ಗುರುತಿನ ಪ್ರಶ್ನೆ ಹಾಕಸ್ತಾರಂತ. ಕಾರ್ನೆಲ್ಲು ಯಾವ ಮಂತ್ರಿ ಕೈಯಾಗ ಬರ್ತೈತಿ ಅನ್ನೂದೊಂದು ಇನ್ನೂ ತಿಳಿದಿಲ್ಲ, ಅರಣ್ಯನೋ, ಕಂದಾಯನೋ. ಪೋಡಿ ಅಂದ ಮ್ಯಾಲೆ ಕಂದಾಯನ ಅಂತ ಎಲ್ಲಾರೂ ಹೇಳ್ಯಾರ.