ಬೇಸ್‌ಗೆ ಯಾವ ಬಣ್ಣ?

ವೇದಿಕೆ ಮೇಲೆ ಬೇಸ್ ಗಿಟಾರ್ ನುಡಿಸುವವರನ್ನು ಜನ ನೋಡುವುದೇ ಕಡಿಮೆ. ಹಾಡುವವರು ಮುಂದೆ, ಲೀಡ್ ಗಿಟಾರಿನವರು ಅವರ ಪಕ್ಕ, ಬೇಸಿನವರು ಡ್ರಮ್ಸ್ ಹತ್ತಿರ ಎಲ್ಲೋ ಅರೆಗತ್ತಲಲ್ಲಿ. ಹೀಗಿದ್ದೂ ಹೊಸ ಬೇಸ್ ಕೊಳ್ಳಲು ಹೊರಟವರು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ತೂಕ, ನೆಕ್ಕಿನ (ಕೈ ಹಿಡಿಯುವ ಉದ್ದನೆಯ ಕತ್ತಿನ) ಅಗಲ ಎಲ್ಲವನ್ನೂ ಬೇಗ ಮುಗಿಸಿ, ಬಣ್ಣದ ಮುಂದೆ ವಾರಗಟ್ಟಲೆ ಕೂರುತ್ತಾರೆ. ನನ್ನ ಸ್ಥಿತಿಯೂ ಈಗ ಅದೇ. ಬಾಡಿಯ ಬಣ್ಣದಿಂದ ಸ್ವರ ಬದಲಾಗಲ್ಲ ಅಂತ ಗೊತ್ತು. ಆದರೂ ನೋಡಿದ ಕೂಡಲೇ ಕೈಗೆತ್ತಿಕೊಳ್ಳಬೇಕು ಅನಿಸದ ವಾದ್ಯ ಗೋಡೆ ಮೇಲೇ ಉಳಿದುಬಿಡುತ್ತದೆ, ಅಲ್ವಾ?

ತಮಾಷೆ ಅಂದರೆ, ಇದರಲ್ಲಿ ಎಷ್ಟೋ ಬಣ್ಣಗಳು ಗಿಟಾರಿಗಾಗಿ ಹುಟ್ಟಿದವೇ ಅಲ್ಲ. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಅನ್ನುವ ಬೇಸ್ ತಂದಾಗ ಅದು ಮರದ ಗೆರೆ ಕಾಣುವ ತಿಳಿಹಳದಿ, ಮೇಲೊಂದು ಕಪ್ಪು ಪಿಕ್‌ಗಾರ್ಡ್, ಅಂದರೆ ಬಾಡಿಗೆ ಗೀರು ಬೀಳದಂತೆ ಕೂರಿಸುವ ತೆಳು ತಗಡು. ಆಮೇಲೆ ನಡುವೆ ತಿಳಿಯಾಗಿದ್ದು ಅಂಚಿಗೆ ಹೋದಂತೆ ಗಾಢವಾಗುವ ಸನ್‌ಬರ್ಸ್ಟ್ ಬಂತು. ಬೇರೆ ಬಣ್ಣ ಬೇಕು ಅಂದವರಿಗೆ ಕಂಪನಿ ಡುಪಾಂಟ್‌ನ ಕಾರಿನ ಪೇಂಟನ್ನೇ ಹೊಡೆದುಕೊಡುತ್ತಿತ್ತು, ಬೆಲೆ ಶೇಕಡಾ 5 ಜಾಸ್ತಿ. ಲೇಕ್ ಪ್ಲಾಸಿಡ್ ಬ್ಲೂ, ಸೋನಿಕ್ ಬ್ಲೂ ಕ್ಯಾಡಿಲಾಕ್ ಕಾರುಗಳವು. ಫಿಯೆಸ್ಟಾ ರೆಡ್ ಫೋರ್ಡ್‌ನದು, ಸರ್ಫ್ ಗ್ರೀನ್ ಶೆವ್ರೊಲೆಯದು. ಕ್ಯಾಡಿಲಾಕ್ ಕೊಳ್ಳಲಾಗದವರು ಅದರ ಬಣ್ಣವನ್ನಾದರೂ ಹೆಗಲಿಗೆ ಹಾಕಿಕೊಂಡರು ಅನ್ನಿ.

ಆ ಬಣ್ಣಗಳು ಇದ್ದಂತೆ ಉಳಿಯಲೂ ಇಲ್ಲ. ಮೇಲೆ ಬಳಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಹಾಗಾಗಿ ಒಲಿಂಪಿಕ್ ವೈಟ್ ಹೋಗಿ ಕೆನೆ ಬಣ್ಣವಾಗುತ್ತದೆ, ನೀಲಿ ಮೆಲ್ಲಗೆ ಹಸಿರಿನ ಕಡೆ ವಾಲುತ್ತದೆ. ಸ್ಟ್ಯಾಂಡಿನ ರಬ್ಬರ್ ತಾಗಿದರೂ ಅದು ಕರಗಿ ಕಲೆಯಾಗಬಹುದು. ಈಗಿನ ಪಾಲಿಯೆಸ್ಟರ್, ಪಾಲಿಯುರಿಥೇನ್ ಫಿನಿಶ್‌ಗಳಿಗೆ ಇಂಥ ನಖರಾ ಇಲ್ಲ, ದಪ್ಪ ಚರ್ಮ. ಆದರೂ ಜನರಿಗೆ ಹಳೆಯದರ ಮೋಹ. ಫ್ಯಾಕ್ಟರಿಯಲ್ಲೇ ಬಣ್ಣ ಕೆರೆದು, ಅಂಚು ಸವೆಸಿ, ರೆಲಿಕ್ ಅಂತ ಹೆಸರಿಟ್ಟು ಮಾರುತ್ತಾರೆ, ಹೆಚ್ಚು ದುಡ್ಡಿಗೆ! ನನಗಂತೂ ಬೇಡ. ಗೀರು ಹಾಕುವ ಕೆಲಸವನ್ನು ನನ್ನ ಬೆಲ್ಟಿನ ಬಕಲ್ ಪುಕ್ಕಟೆ ಮಾಡಿಕೊಡುತ್ತದೆ.

ಸನ್‌ಬರ್ಸ್ಟ್ ಮಾಮೂಲಿ ಅಂತ ಮೂಗು ಮುರಿಯುವವರೂ ಇದ್ದಾರೆ. ಆದರೆ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದ 1962ರ ಪ್ರಿಸಿಷನ್ ಸನ್‌ಬರ್ಸ್ಟೇ. ಇನ್ನೊಬ್ಬ ದೊಡ್ಡ ವಾದಕ ಜಾಕೋ ಪಾಸ್ಟೋರಿಯಸ್ ನುಡಿಸುತ್ತಿದ್ದ, ಫ್ರೆಟ್ (ನೆಕ್ಕಿನ ಅಡ್ಡಪಟ್ಟಿ) ಇಲ್ಲದ ಫೆಂಡರ್ ಜಾಝ್ ಬೇಸ್ ಕೂಡ ಅದೇ. ಜಾಕೋ ತಲೆ ಕೆಡಿಸಿಕೊಂಡದ್ದು ಬಾಡಿಯ ಬಗ್ಗೆ ಅಲ್ಲ, ಬೆರಳು ಓಡುವ ಹಲಗೆಯ ಬಗ್ಗೆ. ತಂತಿ ಮರವನ್ನು ತಿನ್ನಬಾರದು ಅಂತ ಅದಕ್ಕೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು, ಅವರ ಆ ಹಾಡುವಂಥ ಸ್ವರಕ್ಕೆ ಅದರದ್ದೂ ಪಾಲಿದೆ.

ಅಂದರೆ ಫಿನಿಶ್ ಮುಖ್ಯವಾಗುವುದು ಕೈ ತಾಗುವ ಕಡೆ. ಬಾಡಿಯನ್ನು ಕಣ್ಣು ನೋಡುತ್ತದೆ, ನೆಕ್ಕನ್ನು ಹೆಬ್ಬೆರಳು ನೋಡುತ್ತದೆ. ಗ್ಲಾಸಿ ಫಿನಿಶ್ ಹೊಡೆದ ನೆಕ್ ಫಳಫಳ ಅನ್ನುತ್ತದೆ, ಚಂದ. ಆದರೆ ಮೇ ತಿಂಗಳ ಮಂಗಳೂರಲ್ಲಿ, ಫ್ಯಾನೂ ಇಲ್ಲದ ರಿಹರ್ಸಲ್ ಕೋಣೆಯಲ್ಲಿ ಅದನ್ನು ನುಡಿಸಿ ನೋಡಿ, ಬೆವರಿಗೆ ಅಂಗೈ ಅಲ್ಲೇ ಅಂಟಿಕೊಂಡು ಮೇಲಿಂದ ಕೆಳಗೆ ಜಾರುವುದೇ ಇಲ್ಲ. ಹೊಳಪು ಕಡಿಮೆಯಿರುವ ಸ್ಯಾಟಿನ್ ಫಿನಿಶ್‌ಗೆ ಆ ತಾಪತ್ರಯ ಕಡಿಮೆ. ಗ್ಲಾಸಿ ನೆಕ್ ಕೊಂಡು ಪಸ್ತಾಯಿಸಿದವರು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದಲೇ ನೆಕ್ಕಿನ ಹಿಂಬದಿಯ ಹೊಳಪು ತೆಗೆಯುವುದೂ ಉಂಟು.

ಹಾಗಾಗಿ ನೆಕ್ ಸ್ಯಾಟಿನ್, ಅದರಲ್ಲಿ ಎರಡು ಮಾತಿಲ್ಲ. ಫಿಂಗರ್‌ಬೋರ್ಡ್ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯದ್ದೇ ಇರಲಿ. ಆ ಕಡುಕಂದಿನ ಪಕ್ಕ ಲೇಕ್ ಪ್ಲಾಸಿಡ್ ಬ್ಲೂ ಎದ್ದು ಕಾಣುತ್ತದೆ, ಹಗಲಲ್ಲಿ ಒಂದು ನೀಲಿ, ಲೈಟ್ ಬಿದ್ದಾಗ ಇನ್ನೊಂದು. ಪಿಕ್‌ಗಾರ್ಡ್ ಬಿಳಿಯೋ, ಆಮೆ ಚಿಪ್ಪಿನ ಬಣ್ಣದ್ದೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಇರಲಿ, ಅದನ್ನು ಸ್ಕ್ರೂ ಬಿಚ್ಚಿ ಯಾವಾಗ ಬೇಕಾದರೂ ಬದಲಾಯಿಸಬಹುದು.